ಒಂಬತ್ತು ಊರು, ಹದಿನಾಲ್ಕು ರಾತ್ರಿ

ಮದುವೆಯ ಚಪ್ಪರ ಬಿಚ್ಚಿ ಎಂಟು ದಿನಗಳಾಗಿದ್ದುವು. ಬಸವನಗುಡಿಯ ಆ ಮನೆಯ ಊಟದ ಮೇಜಿನ ಮೇಲಿದ್ದ ಚಿರೋಟಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಮದುಮಗನು ಯೂರೋಪಿನ ಭೂಪಟವೊಂದನ್ನು ಹರಡಿದನು. ಮೆಡಿಟರೇನಿಯನ್ ಸಮುದ್ರದ ಸುತ್ತ ಕೆಂಪು ಶಾಯಿಯ ಒಂಬತ್ತು ಗುರುತುಗಳಿದ್ದುವು: ಬಾರ್ಸಿಲೋನಾ, ನೀಸ್, ವೆನಿಸ್, ರೋಮ್, ಅಮಾಲ್ಫಿ, ಡುಬ್ರೋವ್ನಿಕ್, ಅಥೆನ್ಸ್, ಸ್ಯಾಂಟೊರಿನಿ, ಇಸ್ತಾಂಬುಲ್. ಕಚೇರಿಯಲ್ಲಿ ದೊರೆಯುವ ರಜೆ ಶನಿವಾರ, ಭಾನುವಾರಗಳೂ ಸೇರಿ 16 ದಿನ. ಹೋಗಿಬರುವ ಪ್ರಯಾಣವನ್ನು ಕಳೆದರೆ ಅಲ್ಲಿ ತಂಗಲು ಉಳಿಯುವುದು 14 ರಾತ್ರಿ.

ನಾಲ್ಕು ವರ್ಷಗಳಿಂದ ಸಂಬಳದಲ್ಲಿ ಇಷ್ಟಿಷ್ಟೆಂದು ಉಳಿಸಿ, ಈ ಪ್ರವಾಸಕ್ಕೆಂದೇ ಬೇರೆ ಖಾತೆಯಲ್ಲಿ ಕೂಡಿಟ್ಟಿದ್ದ ಹಣವದು. ಮಧುಚಂದ್ರವೆಂಬುದು ಬಾಳಿನಲ್ಲಿ ಒಮ್ಮೆ ಬರುವುದು. ಅಷ್ಟು ದೂರ ಹೋದ ಮೇಲೆ ಯಾವುದನ್ನೂ ಬಿಟ್ಟುಬರಬಾರದು ಎಂಬುದು ಅವನ ವಾದ. “ಹೇಗಿದೆ?” ಎಂದು ಮಡದಿಯನ್ನು ಕೇಳಿದನು. “ಚೆನ್ನಾಗಿದೆ” ಎಂದಳು ಅವಳು. ಎಂಟು ದಿನದ ದಾಂಪತ್ಯದಲ್ಲಿ ಆ ಒಂದು ಮಾತನ್ನು ಒಪ್ಪಿಗೆಯೆಂದು ತಿಳಿಯುವುದು ಗಂಡಸಿಗೆ ಸಹಜ. ಅದು ಒಪ್ಪಿಗೆಯೋ ಸಂಕೋಚವೋ ಎಂಬುದನ್ನು ಅರಿಯಬಲ್ಲ ಕಣ್ಣುಗಳು ಆ ಮನೆಯಲ್ಲಿ ಬೇರೆ ಇದ್ದುವು.

ಮದುವೆಗೆಂದು ಮೈಸೂರಿನಿಂದ ಬಂದ ಸೋದರತ್ತೆ ಇನ್ನೂ ಊರಿಗೆ ಹಿಂದಿರುಗಿರಲಿಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು ಅವರು. ಕನ್ನಡಕವನ್ನು ಮೂಗಿಗೇರಿಸಿ ಭೂಪಟದ ಮೇಲೆ ಬಾಗಿದರು.

“ಊರು ಒಂಬತ್ತಾದರೆ ಗಂಟುಮೂಟೆ ಕಟ್ಟುವುದು ಎಷ್ಟು ಸಲ ಕಣಪ್ಪ?” ಎಂದರು.

“ಎಂಟು ಸಲ, ಅತ್ತೆ.”

“ಬೆಳಿಗ್ಗೆ ಪೆಟ್ಟಿಗೆ ತುಂಬಿ, ಕೋಣೆ ಬಿಟ್ಟು, ನಿಲ್ದಾಣಕ್ಕೆ ಹೋಗಿ, ಕಾದು, ಪಯಣಿಸಿ, ಇಳಿದು, ಹೊಸ ಊರಿನಲ್ಲಿ ಹೊಸ ಕೋಣೆ ಹುಡುಕಿ ಪೆಟ್ಟಿಗೆ ಇಳಿಸುವ ಹೊತ್ತಿಗೆ ಎಷ್ಟು ಗಂಟೆ?”

ಅವನು ಲೆಕ್ಕ ಹಾಕಿದನು. ಕಡಮೆಯೆಂದರೂ ಆರು ಗಂಟೆ. ಎಂಟಾರಲಿ ನಲವತ್ತೆಂಟು. ಎಚ್ಚರವಾಗಿರುವ ಹೊತ್ತನ್ನೇ ಲೆಕ್ಕಕ್ಕೆ ಹಿಡಿದರೆ ಮೂರು ದಿನಗಳಿಗೂ ಮಿಗಿಲು. ದುಡ್ಡು ಕೊಟ್ಟು ಕೊಳ್ಳುವ 14 ದಿನಗಳಲ್ಲಿ ಮೂರಕ್ಕೂ ಹೆಚ್ಚು ದಿನ ನಿಲ್ದಾಣಗಳ ಪಾಲು! ಉಳಿದುದನ್ನು ಒಂಬತ್ತಕ್ಕೆ ಹಂಚಿದರೆ ಊರೊಂದಕ್ಕೆ ಸರಿಯಾಗಿ ಒಂದೂವರೆ ದಿನವೂ ದಕ್ಕದು.

ಪ್ರವಾಸದ ಯೋಜನೆ ಮಾಡುವವರು ಮೊದಲು ಹಾಕಬೇಕಾದ ಲೆಕ್ಕವಿದು. ಭೂಪಟದಲ್ಲಿ ಬೆರಳಗಲ ಕಾಣುವ ಸಮುದ್ರ ದಾಟುವಾಗ ಬೆರಳಗಲವಾಗಿರುವುದಿಲ್ಲ. ಅಥೆನ್ಸ್ ನಗರದ ಬಂದರಾದ ಪಿರೇಯಸ್‌ನಿಂದ ಸ್ಯಾಂಟೊರಿನಿಗೆ ಸಾಮಾನ್ಯ ಹಡಗಿನಲ್ಲಿ ಎಂಟು ಗಂಟೆಗಳ ಹಾದಿ. ವೇಗದ ಹಡಗಿನಲ್ಲಿಯೂ ಐದು ಗಂಟೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಮೆಲ್ಟೆಮಿ ಎಂಬ ಗಾಳಿ ಬಲಿತರೆ ಹಡಗು ಹೊರಡುವುದೇ ಇಲ್ಲ.

ಅತ್ತೆಯವರು ಹಡಗಿನ ಮಾತೆತ್ತಿದಾಗ ಮದುಮಗಳ ಮುಖ ಬಾಡಿದುದನ್ನು ಗಮನಿಸಿದರು. “ಏನು ಮಗು?” ಎಂದು ಮೆಲ್ಲನೆ ಕೇಳಿದರು.

ಅವಳು ಒಂದು ಕ್ಷಣ ಸುಮ್ಮನಿದ್ದಳು. “ನನಗೆ ಆಗುಂಬೆ ಘಾಟಿಯ ಬಸ್ಸಿನಲ್ಲಿಯೇ ತಲೆ ಸುತ್ತಿ ವಾಂತಿಯಾಗುತ್ತದೆ. ಹಡಗಿನಲ್ಲಿ ಹೇಗೋ ತಿಳಿಯದು. ಅವರು ಇಷ್ಟು ಆಸೆಯಿಂದ ಬರೆದಿದ್ದಾರೆ. ಹೇಗೆ ಹೇಳಲಿ ಎಂದು...” ಎಂದವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು.

ಮದುಮಗನು ಭೂಪಟದಿಂದ ತಲೆಯೆತ್ತಿದನು. ಅವನ ಪಟ್ಟಿಯಲ್ಲಿ ಐದು ಹಡಗು ಪ್ರಯಾಣಗಳಿದ್ದುವು. ನಾಲ್ಕು ವರ್ಷ ಕುಳಿತು ಸಿದ್ಧಪಡಿಸಿದ ಯೋಜನೆಯಲ್ಲಿ ಜೊತೆಗೆ ಬರುವವಳಿಗೆ ಏನು ಆಗುತ್ತದೆ, ಏನು ಆಗದು ಎಂದು ಕೇಳುವ ಒಂದು ಸಾಲೂ ಇರಲಿಲ್ಲ. ಯೋಜನೆ ಮಾಡಿದಾಗ ಅವಳ ಪರಿಚಯವೇ ಇರಲಿಲ್ಲವೆಂಬುದು ನಿಜ. ಈಗ ಇದೆಯಷ್ಟೆ!

“ಈ ಪಟ್ಟಿ ಬೇಡ. ಇಬ್ಬರೂ ಒಂದೊಂದು ಚೀಟಿಯಲ್ಲಿ ಒಂದೊಂದೇ ಊರು ಬರೆಯಿರಿ, ಬಿಡಲಾರದ್ದು ಯಾವುದೋ ಅದು” ಎಂದರು ಅತ್ತೆ.

ಅವನು ಬರೆದುದು ಸ್ಯಾಂಟೊರಿನಿ. ಅವಳು ಬರೆದುದು ಅವನ ಒಂಬತ್ತರಲ್ಲಿ ಇಲ್ಲದ ಹೆಸರು: ಪಾಂಪೆ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಆ ರೋಮನ್ ಪಟ್ಟಣದ ಬೀದಿಗಳ ಚಿತ್ರವನ್ನು ಶಾಲೆಯ ಪುಸ್ತಕವೊಂದರಲ್ಲಿ ನೋಡಿದಂದಿನಿಂದ ಅವಳಿಗೆ ಅಲ್ಲಿ ನಡೆಯಬೇಕೆಂಬ ಆಸೆ. ಅತ್ತೆಯವರು ಎರಡು ಚೀಟಿಗಳನ್ನೂ ನೋಡಿ ನಕ್ಕರು. “ಇಬ್ಬರ ಆಸೆಯೂ ಒಂದೇ ಆಯಿತಲ್ಲ! ಸ್ಯಾಂಟೊರಿನಿಯೂ ಜ್ವಾಲಾಮುಖಿಯೇ. ಸುಮಾರು 3,600 ವರ್ಷಗಳ ಹಿಂದೆ ಸಿಡಿದು, ಅಕ್ರೊಟೀರಿ ಎಂಬ ಊರನ್ನು ಹೂಳಿಬಿಟ್ಟಿತು. 1967ರಲ್ಲಿ ಮರಿನಾಟೋಸ್ ಎಂಬ ಗ್ರೀಕ್ ವಿದ್ವಾಂಸರು ಅದನ್ನು ಅಗೆಯತೊಡಗಿದರು. ಇಂದು ಒಳಗೆ ಹೋಗಿ ನೋಡಬಹುದು.”

ಅಲ್ಲಿಂದ ಮುಂದೆ ಕೆಲಸ ಸುಲಭವಾಯಿತು. ಒಂದು ತುದಿಗೆ ಪಾಂಪೆ, ಇನ್ನೊಂದು ತುದಿಗೆ ಸ್ಯಾಂಟೊರಿನಿ. ರೋಮ್ ಮತ್ತು ಅಥೆನ್ಸ್ ಉಳಿದುವು, ಮಿಕ್ಕವು ಹೋದುವು. ವೆನಿಸ್ ನಗರವನ್ನು ಹೊಡೆದುಹಾಕುವಾಗ ಮದುಮಗನ ಕೈ ತುಸು ತಡೆಯಿತು. “ಅದು ಎಲ್ಲಿಗೂ ಓಡಿಹೋಗದು” ಎಂದು ಮಡದಿಯೇ ಸಮಾಧಾನ ಹೇಳಿದಳು.

ಇನ್ನು ಕಾಲದ ಪ್ರಶ್ನೆ. ಮದುವೆ ನಡೆದುದು ವೈಶಾಖದಲ್ಲಿ. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗುವುದು ವಾಡಿಕೆ. ಮೊದಲ ವರ್ಷದ ಗೌರೀ ಹಬ್ಬಕ್ಕೆ ಮನೆಯಲ್ಲಿರಲೇಬೇಕೆಂಬುದು ಹಿರಿಯರ ಆಸೆ. ಮದುಮಗನಿಗೆ ಇದು ಅಡ್ಡಿಯೆಂದು ಕಂಡರೂ ವಸ್ತುತಃ ಅನುಕೂಲವೇ ಆಯಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಆ ದೇಶಗಳಲ್ಲಿ ಬಿಸಿಲೂ ಹೆಚ್ಚು, ಜನಜಂಗುಳಿಯೂ ಹೆಚ್ಚು, ಬಾಡಿಗೆಯೂ ಹೆಚ್ಚು. 2023ರ ಮತ್ತು 2025ರ ಬೇಸಗೆಗಳಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡವನ್ನು ಕೆಲವು ದಿನ ಬಿಸಿಲಿನ ಝಳಕ್ಕಾಗಿಯೇ ಮಧ್ಯಾಹ್ನದ ವೇಳೆ ಮುಚ್ಚಬೇಕಾಯಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಕಡಲ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ. “ಅಷ್ಟು ತಿಂಗಳು ಕಳೆದ ಮೇಲೆ ಅದು ಮಧುಚಂದ್ರವೇ?” ಎಂದು ಅವನು ಗೊಣಗಿದನು. “ಜೇನು ಇಟ್ಟರೆ ಕೆಡುವ ಪದಾರ್ಥವಲ್ಲ ಕಣಪ್ಪ” ಎಂದರು ಅತ್ತೆ. ಪಿತೃಪಕ್ಷದ ಶಂಕೆಯನ್ನು ಎತ್ತಿದವರಿಗೆ ಅಜ್ಜಿಯೇ ಒಳಗಿನಿಂದ ಉತ್ತರ ಕೊಟ್ಟರು: “ಶುಭಕಾರ್ಯಕ್ಕೆ ಆಗದು, ಊರು ನೋಡುವುದಕ್ಕೇನು?”

ಕಾಗದಪತ್ರಗಳ ಹೊಣೆಯನ್ನು ಬ್ಯಾಂಕಿನಿಂದ ನಿವೃತ್ತರಾದ ಮಾವನವರು ವಹಿಸಿಕೊಂಡರು. ಇಟಲಿ, ಗ್ರೀಸ್ ಎರಡೂ ಷೆಂಗೆನ್ ಒಕ್ಕೂಟದ ದೇಶಗಳಾದುದರಿಂದ ಒಂದೇ ವೀಸಾ ಸಾಕು. ಅದನ್ನು ಕೇಳಬೇಕಾದುದು ಹೆಚ್ಚು ರಾತ್ರಿ ತಂಗುವ ದೇಶದವರಲ್ಲಿ. ರಾತ್ರಿಗಳು ಸಮನಾದರೆ ಮೊದಲು ಕಾಲಿಡುವ ದೇಶದವರಲ್ಲಿ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿಯನ್ನು ಸ್ವೀಕರಿಸುವುದಿಲ್ಲ. 15 ದಿನಗಳಿಗಿಂತ ತಡವಾಗಿಯೂ ಕೊಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ; ಕೆಲವೊಮ್ಮೆ 45 ದಿನಗಳವರೆಗೂ ಎಳೆಯಬಹುದು. ಕಡಮೆಯೆಂದರೆ 30,000 ಯೂರೋಗಳ ವೈದ್ಯಕೀಯ ವೆಚ್ಚಕ್ಕೆ ವಿಮೆಯಿರಬೇಕು. ವೀಸಾ ಕೈಗೆ ಬರುವವರೆಗೆ ರದ್ದುಮಾಡಿದರೆ ಹಣ ಹಿಂದಿರುಗುವಂಥ ಕೋಣೆಗಳನ್ನೇ ಕಾದಿರಿಸುವುದು ಕ್ಷೇಮ. ಇಸ್ತಾಂಬುಲ್ ಪಟ್ಟಿಯಲ್ಲಿ ಉಳಿದಿದ್ದರೆ ತುರ್ಕಿಯ ಅನುಮತಿಯನ್ನು ಬೇರೆಯಾಗಿ ಪಡೆಯಬೇಕಾಗುತ್ತಿತ್ತು. ಆ ದೇಶ ಈ ಒಕ್ಕೂಟಕ್ಕೆ ಸೇರಿಲ್ಲ. ಡುಬ್ರೋವ್ನಿಕ್ ಇರುವ ಕ್ರೊಯೇಷಿಯ 2023ರ ಜನವರಿ 1ರಂದು ಸೇರಿದೆ.

ಮಾವನವರು ಇನ್ನೊಂದು ಸೂಕ್ಷ್ಮವನ್ನು ಎತ್ತಿದರು. ಸೊಸೆಯ ಪಾಸ್‌ಪೋರ್ಟಿನಲ್ಲಿ ಇನ್ನೂ ತವರಿನ ಹೆಸರೇ ಇದೆ. ಪ್ರೀತಿಯಿಂದ ಹೊಸ ಹೆಸರಿನಲ್ಲಿ ಟಿಕೆಟ್ ಕೊಂಡರೆ ವಿಮಾನ ನಿಲ್ದಾಣದಲ್ಲಿ ಅವಳು ಅವಳಲ್ಲವೆಂದಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಅಕ್ಷರ ಹೇಗಿದೆಯೋ ಟಿಕೆಟ್ಟಿನಲ್ಲಿಯೂ ಹಾಗೆಯೇ ಇರತಕ್ಕದ್ದು. ಟಿಕೆಟ್ ಕೂಡ ಬಂದ ದಾರಿಯಲ್ಲೇ ಹಿಂದಿರುಗುವುದಲ್ಲ. ಹೋಗುವಾಗ ರೋಮ್, ಬರುವಾಗ ಅಥೆನ್ಸ್. ಇದರಿಂದ ಹಿಂದೆ ಬರುವ ಒಂದು ದಿನದ ಅಲೆದಾಟ ಉಳಿಯಿತು.

ಕೊನೆಗೆ ಸಿದ್ಧವಾದ ಯೋಜನೆ ಹೀಗಿತ್ತು. ಶನಿವಾರ ಸಂಜೆ ರೋಮ್ ತಲಪಿ ಅಲ್ಲಿ ನಾಲ್ಕು ರಾತ್ರಿ. ನಮ್ಮ ಗಡಿಯಾರಕ್ಕಿಂತ ಆ ದಿನಗಳಲ್ಲಿ ಇಟಲಿಯದು ಮೂರೂವರೆ ಗಂಟೆ ಹಿಂದೆ. ಮೊದಲ ದಿನ ನಸುಕಿನಲ್ಲೇ ಎಚ್ಚರವಾಗುವುದರಿಂದ ಭಾನುವಾರದ ಬೆಳಗನ್ನು ಬೀದಿಗಳಲ್ಲಿ ಸುಮ್ಮನೆ ನಡೆಯಲು, 43 ಮೀಟರ್ ಅಗಲದ ಗುಮ್ಮಟವುಳ್ಳ ಪ್ಯಾಂಥಿಯನ್ ನೋಡಲು ಇಟ್ಟುಕೊಂಡರು. ಸೋಮವಾರ ಕೊಲೋಸಿಯಂ; ಮಂಗಳವಾರ ವ್ಯಾಟಿಕನ್ ವಸ್ತುಸಂಗ್ರಹಾಲಯ. ತಿಂಗಳ ಕೊನೆಯ ಭಾನುವಾರದ ಹೊರತು ಉಳಿದ ಭಾನುವಾರಗಳಲ್ಲಿ ಅದರ ಬಾಗಿಲು ಮುಚ್ಚಿರುತ್ತದೆಂಬುದನ್ನು ಮರೆತು ನಿರಾಶರಾಗುವವರು ಉಂಟು. ಎರಡಕ್ಕೂ ಮುಂಚಿತವಾಗಿ ಹೊತ್ತು ಗೊತ್ತುಮಾಡಿಕೊಂಡ ಚೀಟಿ ಬೇಕು.

ಬುಧವಾರ ವೇಗದ ರೈಲಿನಲ್ಲಿ ನೇಪಲ್ಸ್ ತಲಪಲು ಒಂದು ಗಂಟೆ ಹತ್ತು ನಿಮಿಷ. ಅಲ್ಲಿಂದ ಸ್ಥಳೀಯ ರೈಲಿನಲ್ಲಿ ಗಂಟೆಗೆ ತುಸು ಹೆಚ್ಚು ಪಯಣಿಸಿದರೆ ಸೊರೆಂಟೊ. ಅಲ್ಲಿ ನಾಲ್ಕು ರಾತ್ರಿ. ಅಮಾಲ್ಫಿ ತೀರದ ರಸ್ತೆ ಆಗುಂಬೆಯ ತಿರುವುಗಳನ್ನು ಕಡಲಂಚಿಗೆ ತಂದಿಟ್ಟಂತಿರುವುದರಿಂದ ಅದನ್ನು ಕೈಬಿಟ್ಟರು. ಗುರುವಾರ ಪಾಂಪೆ, ಸೊರೆಂಟೊದಿಂದ ಅದೇ ರೈಲಿನಲ್ಲಿ ಅರ್ಧ ಗಂಟೆ. ಶನಿವಾರ ಕಾಪ್ರಿ ದ್ವೀಪಕ್ಕೆ ಅರ್ಧ ಗಂಟೆಯ ದೋಣಿ. ಆದರೆ ಚೀಟಿಯನ್ನು ಮೊದಲೇ ಕೊಳ್ಳುವುದಿಲ್ಲ. ಅಂದಿನ ಬೆಳಗಿನ ಕಡಲನ್ನೂ ಮಡದಿಯ ಮನಸ್ಸನ್ನೂ ನೋಡಿ ತೀರ್ಮಾನ.

ಭಾನುವಾರ ನೇಪಲ್ಸ್‌ನಿಂದ ವಿಮಾನದಲ್ಲಿ ಅಥೆನ್ಸ್, ಎರಡು ರಾತ್ರಿ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಕ್ರೊಪೊಲಿಸ್ ಹತ್ತಿ, ಕ್ರಿ. ಪೂ. 447ರಲ್ಲಿ ಕಟ್ಟಲಾರಂಭಿಸಿದ ಪಾರ್ಥೆನಾನ್ ದೇಗುಲದ ದರ್ಶನ. ಮಂಗಳವಾರ ಸ್ಯಾಂಟೊರಿನಿಗೆ, ಹಡಗಿನಲ್ಲಲ್ಲ, ವಿಮಾನದಲ್ಲಿ. ಎಂಟು ಗಂಟೆಯ ಅಲೆಗಳ ಬದಲು ಐವತ್ತು ನಿಮಿಷಗಳ ಆಕಾಶ. ಅಲ್ಲಿ ಮೂರು ರಾತ್ರಿ. ಚಿತ್ರಗಳಲ್ಲಿ ಕಾಣುವ ಇಯಾ ಊರಿನ ಬಂಡೆಯಂಚಿನ ಕೋಣೆಗಳ ಬಾಡಿಗೆ ಕೇಳಿ ಮದುಮಗ ಬೆಚ್ಚಿದನು. ಒಳನಾಡಿನ ಹಳ್ಳಿಯಲ್ಲಿ ತಂಗಿ, ಬಸ್ಸಿನಲ್ಲಿ ಹೋಗಿ ಸೂರ್ಯಾಸ್ತ ನೋಡಿದರೆ ಸೂರ್ಯನೇನೂ ಬೇರೆಯಾಗುವುದಿಲ್ಲವೆಂದು ಮಡದಿ ಹೇಳಿದಳು. ಶುಕ್ರವಾರ ಅಥೆನ್ಸಿಗೆ ಮರಳಿ ಅಲ್ಲೊಂದು ರಾತ್ರಿ. ಶನಿವಾರ ಊರ ಕಡೆಗೆ. ದ್ವೀಪದಿಂದ ಬಂದ ದಿನವೇ ದೊಡ್ಡ ವಿಮಾನವನ್ನು ಹಿಡಿಯಹೊರಡುವುದು ಅವಿವೇಕ. ಬೇರೆ ಬೇರೆಯಾಗಿ ಕೊಂಡ ಟಿಕೆಟ್ಟುಗಳಲ್ಲಿ ಒಂದು ತಡವಾದರೆ ಇನ್ನೊಂದರವರು ಕಾಯುವುದಿಲ್ಲ. ಒಟ್ಟು 14 ರಾತ್ರಿಗಳಲ್ಲಿ ಇಟಲಿಯದು ಎಂಟು, ಗ್ರೀಸಿನದು ಆರು. ಆದುದರಿಂದ ವೀಸಾ ಅರ್ಜಿ ಇಟಲಿಯವರಿಗೆ. ಎಂಟು ಸಲ ಕಟ್ಟಬೇಕಾಗಿದ್ದ ಗಂಟು ಈಗ ನಾಲ್ಕು ಸಲ.

ಊಟದ ಚಿಂತೆ ಅತ್ತೆಯದು, ಎಂದರೆ ಸೊಸೆಯ ಅತ್ತೆಯದು. ಶಾಕಾಹಾರಿಗಳು ಆ ದೇಶಗಳಲ್ಲಿ ಉಪವಾಸವಿರಬೇಕಾಗಿಲ್ಲ. ನೇಪಲ್ಸಿನ ಹಳೆಯ ಬಗೆಯ ಮರಿನಾರ ಪಿಜ್ಜಾದಲ್ಲಿ ಟೊಮೇಟೊ, ಬೆಳ್ಳುಳ್ಳಿ, ಸೊಪ್ಪು, ಎಣ್ಣೆಗಳಲ್ಲದೆ ಬೇರೇನೂ ಇಲ್ಲ. ಆದರೆ ಇಟಲಿಯ ಪಾರ್ಮೆಸಾನ್ ಗಿಣ್ಣಕ್ಕೆ ಕರುವಿನ ಜಠರದ ಹೆಪ್ಪು ಹಾಕುವುದರಿಂದ ಕಟ್ಟುನಿಟ್ಟಿನವರು ಕೇಳಿ ತಿನ್ನುವುದು ಮೇಲು. ಸ್ಯಾಂಟೊರಿನಿಯಲ್ಲಿ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿದ ಫಾವ ಎಂಬ ಖಾದ್ಯವಿದೆ. ಅದನ್ನು ಕೇಳಿ ಆಕೆ, “ಹಾಗಾದರೆ ನಮ್ಮ ತೊವ್ವೆಯೇ ಆಯಿತು” ಎಂದು ನಿಶ್ಚಿಂತರಾದರು. ಆದರೂ ಚಟ್ನಿಪುಡಿಯ ಡಬ್ಬಿ ಪೆಟ್ಟಿಗೆಗೆ ಸೇರುವುದು ನಿಶ್ಚಯವಾಯಿತು.

ಸಂಜೆ ಎಲ್ಲರೂ ಎದ್ದುಹೋದ ಮೇಲೆ ದಂಪತಿಗಳಿಬ್ಬರೇ ಉಳಿದರು. ಹೊಸ ಹಾಳೆಯಲ್ಲಿ ದಿನಗಳನ್ನು ಅಂದವಾಗಿ ಬರೆಯುತ್ತಿದ್ದವನಿಗೆ, ಸೊರೆಂಟೊದ ಶುಕ್ರವಾರದ ಎದುರು ಏನೂ ಇಲ್ಲದಿರುವುದು ಕಂಡಿತು. ಅಲ್ಲಿ ಏನನ್ನಾದರೂ ಸೇರಿಸಬಹುದಲ್ಲ ಎಂದು ಲೇಖನಿಯೆತ್ತಿದವನು, ತಡೆದು, ಮಡದಿಯ ಕಡೆ ತಿರುಗಿದನು.

“ಹೇಗಿದೆ?” ಎಂದನು.

ಈ ಸಲ ಅವಳು ಚೆನ್ನಾಗಿದೆಯೆನ್ನಲಿಲ್ಲ. ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ಮೊದಲಿನಿಂದ ಓದಿದಳು. ಬಳಿಕ ಖಾಲಿ ಬಿಟ್ಟ ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು: “ಇದು ಹೀಗೆಯೇ ಇರಲಿ. ಅಂದು ಬೆಳಿಗ್ಗೆ ಅಲಾರಂ ಇಡಬೇಡಿ.”