ಹೋಟೆಲು ಧಣಿಗಳ ಅಹವಾಲು

ಪ್ರತಿ ವರ್ಷ ಬಜೆಟ್ಟಿನ ಕಾಲ ಬಂತೆಂದರೆ ಹೋಟೆಲು ಮಾಲೀಕರ ಮನವಿ ಪತ್ರವೊಂದು ಅರ್ಥಮಂತ್ರಿಗಳ ಮೇಜಿನ ಮೇಲೆ ಬೀಳುತ್ತದೆ. ಅಖಿಲ ಭಾರತ ಮಟ್ಟದಲ್ಲಿ ಈ ಕೆಲಸ ಮಾಡುವುದು 1955ರಲ್ಲಿ ಹುಟ್ಟಿದ ಹೋಟೆಲು ಮತ್ತು ರೆಸ್ಟೋರೆಂಟು ಸಂಘಗಳ ಒಕ್ಕೂಟ. ರಾಜ್ಯದಲ್ಲಿಯೂ, ಜಿಲ್ಲೆಗಳಲ್ಲಿಯೂ ಇಂಥವೇ ಸಂಘಗಳಿವೆ. ಸಮ್ಮೇಳನಕ್ಕೆ ಮಂತ್ರಿಗಳನ್ನು ಕರೆಯುವುದು, ಹಾರ ಹಾಕುವುದು, ಹಾರದ ಹಿಂದೆಯೇ ಬೇಡಿಕೆಗಳ ಪಟ್ಟಿ ಕೈಗಿಡುವುದು, ಮಂತ್ರಿಗಳು ಒಪ್ಪದಿದ್ದರೆ ಕೋರ್ಟು ಮೆಟ್ಟಿಲೇರುವುದು, ಇದು ಅವರ ಕ್ರಮ. ಇದರಲ್ಲಿ ತಪ್ಪೇನೂ ಇಲ್ಲ. ಸಂಘ ಕಟ್ಟಿ ಸರ್ಕಾರದ ಮುಂದೆ ಅಹವಾಲು ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಮಾಲೀಕರಿಗೂ ಇದೆ. ನಾವು ಕೇಳುವುದು ಇಷ್ಟೇ: ಅದೇ ಹಕ್ಕನ್ನು ತಮ್ಮ ಅಡಿಗೆಮನೆಯಲ್ಲಿ ಬೇಯುವವನಿಗೂ ಇವರು ಬಿಟ್ಟುಕೊಡುತ್ತಾರೆಯೇ?

ತಮ್ಮ ಮಾತಿಗೆ ಸರ್ಕಾರದಲ್ಲಿ ಕಿವಿಯಿಲ್ಲ ಎಂಬುದು ಮಾಲೀಕರ ಹಳೆಯ ರಾಗ. ಲೆಕ್ಕ ನೋಡೋಣ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸಾಮಾನ್ಯ ಹೋಟೆಲಿನ ಊಟ ತಿಂಡಿಗೆ ಶೇಕಡ 12, ಹವಾನಿಯಂತ್ರಿತ ಹೋಟೆಲಿಗೆ ಶೇಕಡ 18 ತೆರಿಗೆ ಇತ್ತು. ಐದು ತಿಂಗಳು ತುಂಬುವ ಮೊದಲೇ, ನವೆಂಬರ್ 15ರಿಂದ, ದೊಡ್ಡ ತಾರಾ ಹೋಟೆಲುಗಳನ್ನು ಬಿಟ್ಟು ಉಳಿದವಕ್ಕೆಲ್ಲ ಅದು ಶೇಕಡ 5 ಆಯಿತು. ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ವಜಾ ಹಾಕಿಕೊಳ್ಳುವ ಅವಕಾಶ ಹೋಯಿತೆಂಬುದು ನಿಜ. ದಿನಕ್ಕೆ 7,500 ರೂಪಾಯಿಗೂ ಮೇಲ್ಪಟ್ಟ ಬಾಡಿಗೆಯ ಕೋಣೆಗೆ ಶೇಕಡ 28 ಇದ್ದದ್ದು 2019ರ ಅಕ್ಟೋಬರಿನಲ್ಲಿ 18ಕ್ಕೆ ಇಳಿಯಿತು. ಆದರೆ 1,000 ರೂಪಾಯಿಯೊಳಗಿನ ಕೋಣೆಯ ಗತಿಯೇನಾಯಿತು? ಅದಕ್ಕಿದ್ದ ವಿನಾಯಿತಿ 2022ರ ಜುಲೈ 18ರಂದು ರದ್ದಾಗಿ ಶೇಕಡ 12 ಬಿತ್ತು. ಆಸ್ಪತ್ರೆಗೋ ಕೋರ್ಟು ಕೆಲಸಕ್ಕೋ ಪೇಟೆಗೆ ಬಂದು ಒಂದು ರಾತ್ರಿ ಲಾಡ್ಜಿನಲ್ಲಿ ತಂಗುವ ರೈತ ಮೂರು ವರ್ಷ ಇದನ್ನು ತೆತ್ತ. 2025ರ ಸೆಪ್ಟೆಂಬರ್ 22ರಂದು ಅದು ಶೇಕಡ 5ಕ್ಕೆ ಇಳಿದಾಗಲೂ ಪೂರ್ತಿ ವಿನಾಯಿತಿ ಮರಳಲಿಲ್ಲ. ಸಿರಿವಂತನ ಕೋಣೆಗೆ ಮೊದಲು, ಬಡವನ ಕೋಣೆಗೆ ಆಮೇಲೆ.

ಇವರ ಪಟ್ಟಿಯಲ್ಲಿ ವರ್ಷ ವರ್ಷವೂ ತಪ್ಪದೆ ಇರುವ ಬೇಡಿಕೆ ಒಂದಿದೆ: ಹೋಟೆಲಿಗೆ ಕೈಗಾರಿಕೆಯ ಸ್ಥಾನ ಕೊಡಿ. ಹಾಗೆ ಮಾಡಿದರೆ ವಿದ್ಯುತ್ತು ವಾಣಿಜ್ಯ ದರದ ಬದಲು ಕೈಗಾರಿಕಾ ದರದಲ್ಲಿ ಸಿಗುತ್ತದೆ, ಕಂದಾಯದಲ್ಲಿ ರಿಯಾಯಿತಿ ದೊರೆಯುತ್ತದೆ. ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಇದಕ್ಕೆ ಒಪ್ಪಿತು. ಮೂಲಸೌಕರ್ಯದ ಹೆಸರಿನಲ್ಲಿ ಅಗ್ಗದ ದೀರ್ಘಾವಧಿ ಸಾಲ ಸಿಗಲು 200 ಕೋಟಿ ರೂಪಾಯಿಯ ಯೋಜನೆಯಾಗಿರಬೇಕೆಂಬ ಮಿತಿಯನ್ನು 10 ಕೋಟಿಗೆ ಇಳಿಸಿರೆಂಬುದೂ ಇವರ ಕೋರಿಕೆ.

ಸರಿ, ಕೈಗಾರಿಕೆಯೇ ಆಗಲಿ. ಹಾಗಾದರೆ ಹೋಟೆಲು ಒಂದು ಕಾರ್ಖಾನೆಯೇ? ಅಲ್ಲ! 1948ರ ಕಾರ್ಖಾನೆಗಳ ಕಾಯಿದೆಗೆ 1976ರಲ್ಲಿ, ತುರ್ತು ಪರಿಸ್ಥಿತಿಯ ಕತ್ತಲೆಯಲ್ಲಿ, ತಿದ್ದುಪಡಿ ಮಾಡಿ ಹೋಟೆಲು, ರೆಸ್ಟೋರೆಂಟು, ಊಟದ ಸ್ಥಳಗಳನ್ನು ‘ಕಾರ್ಖಾನೆ’ ಎಂಬ ಮಾತಿನಿಂದ ಹೊರಗಿಟ್ಟರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಅದೇ ಮಾತನ್ನು ಹಾಗೆಯೇ ಉಳಿಸಿಕೊಂಡಿದೆ. ರಾಜ್ಯ ವಿಮೆಯ ಪ್ರಶ್ನೆ ಬಂದಾಗ ಅಡಿಗೆ ಮಾಡುವುದು ಉತ್ಪಾದನೆಯೇ ಅಲ್ಲವೆಂದು ಸುಪ್ರೀಂ ಕೋರ್ಟಿನವರೆಗೆ ವಾದಿಸಿದ ಹೋಟೆಲೂ ಉಂಟು. 1993ರಲ್ಲಿ ಆ ವಾದ ಬಿದ್ದುಹೋಯಿತು. ವಿದ್ಯುತ್ ಬಿಲ್ಲು ಬಂದಾಗ ಹೋಟೆಲು ಕೈಗಾರಿಕೆ. ಕೂಲಿಯ ಲೆಕ್ಕ ಬಂದಾಗ ಅದು ನಾಲ್ಕು ಜನ ಕೂಡಿ ಉಂಡೇಳುವ ಮನೆ, ಮಾಣಿ ಮನೆಯ ಹುಡುಗ! ಈ ಎರಡು ನಾಲಿಗೆಯ ವ್ಯವಹಾರವನ್ನು ನಾವು ಒಪ್ಪುವುದಿಲ್ಲ.

‘ಸೇವೆ’ ಎಂಬ ಪದದ ಕಥೆ ಇನ್ನೂ ಸೊಗಸಾಗಿದೆ. ನೀರಿನ ಬಾಟಲಿಗೆ ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವ ಹಕ್ಕನ್ನು 2017ರ ಡಿಸೆಂಬರಿನಲ್ಲಿ ಇದೇ ಒಕ್ಕೂಟ ಸುಪ್ರೀಂ ಕೋರ್ಟಿನಲ್ಲಿ ಗೆದ್ದುಕೊಂಡಿತು. ನಾವು ಬರಿಯ ನೀರು ಮಾರುವುದಿಲ್ಲ, ಜೊತೆಗೆ ಸೇವೆಯೂ ಇದೆ ಎಂಬುದು ವಾದ. ಒಳ್ಳೆಯದು. ಆಮೇಲೆ ಅದೇ ಸೇವೆಗೆ ಬಿಲ್ಲಿನಲ್ಲಿ ಬೇರೆ ಶುಲ್ಕ. ಗಿರಾಕಿಯನ್ನು ಕೇಳದೆ ಇದನ್ನು ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ತಿಂಗಳು ತುಂಬುವ ಮೊದಲೇ ಮಾಲೀಕರ ಎರಡು ಅಖಿಲ ಭಾರತ ಸಂಘಗಳು ದೆಹಲಿ ಹೈಕೋರ್ಟಿನಿಂದ ತಡೆ ತಂದವು. ಆಗ ಮುಂದಿಟ್ಟ ಗುರಾಣಿ ಯಾವುದು? ಕಾರ್ಮಿಕ! ಈ ಹಣ ನೌಕರರ ಹಿತಕ್ಕಾಗಿ, ಇದನ್ನು ನಿಲ್ಲಿಸಿದರೆ ಅವರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ವಾದ ಹೂಡಿದರು. 2023ರ ಸೆಪ್ಟೆಂಬರಿನಲ್ಲಿ ಕೋರ್ಟಿನ ಆದೇಶದಂತೆ ಒಕ್ಕೂಟದ ಹೋಟೆಲುಗಳಲ್ಲಿ ಅದರ ಹೆಸರು ‘ಸಿಬ್ಬಂದಿ ಕೊಡುಗೆ’ ಎಂದಾಯಿತು. ಬಿಲ್ಲಿನ ಶೇಕಡ 10ನ್ನು ಮೀರಬಾರದೆಂಬ ಕಟ್ಟೂ ಬಿತ್ತು. 2025ರ ಮಾರ್ಚ್ 28ರಂದು ಹೈಕೋರ್ಟು ಅರ್ಜಿಗಳನ್ನು ವಜಾ ಮಾಡಿ, ಕಡ್ಡಾಯ ವಸೂಲಿ ಕಾನೂನಿಗೆ ವಿರುದ್ಧವೆಂದು ಸಾರಿ, ಎರಡೂ ಸಂಘಗಳ ಮೇಲೆ ಒಂದೊಂದು ಲಕ್ಷ ರೂಪಾಯಿ ಖರ್ಚು ಹೊರಿಸಿತು. ಅವರು ಅದರ ಮೇಲೆ ಮೇಲ್ಮನವಿಯನ್ನೂ ಸಲ್ಲಿಸಿದರು.

ನಮ್ಮ ಪ್ರಶ್ನೆ ಬೇರೆ. ಇಷ್ಟು ವರ್ಷ ಸಿಬ್ಬಂದಿಯ ಹೆಸರಿನಲ್ಲಿ ಬಿಲ್ಲಿಗೆ ಏರಿದ ಹಣದಲ್ಲಿ ಮೇಜು ಒರೆಸುವವನ ಕೈಗೆ ಎಷ್ಟು ಬಂತು? ತಟ್ಟೆ ತೊಳೆಯುವ ಹೆಂಗಸಿಗೆ ಎಷ್ಟು? ಆಕೆಯನ್ನಂತೂ ಗಿರಾಕಿ ಕಾಣುವುದೇ ಇಲ್ಲ. ಕೊಟ್ಟಿದ್ದರೆ ಲೆಕ್ಕವನ್ನು ಗೋಡೆಯ ಮೇಲೆ ಹಚ್ಚಲು ಸಂಕೋಚವೇಕೆ?

ಮಾಲೀಕರಿಗೆ ಕಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ನಂದಿನಿ ಹಾಲಿನ ದರ 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ, 2025ರ ಏಪ್ರಿಲಿನಲ್ಲಿ 4 ರೂಪಾಯಿ ಏರಿತು. ಗಂಡ ಹೆಂಡತಿ ಇಬ್ಬರೇ ದುಡಿಯುವ ಖಾನಾವಳಿಗೆ, ಬಸ್ ನಿಲ್ದಾಣದ ಬದಿಯ ಚಹದಂಗಡಿಗೆ ಅದು ನಿಜವಾದ ಪೆಟ್ಟು. ಆದರೆ ತಾರಾ ಹೋಟೆಲಿನ ಸಾಲದ ಚಿಂತೆಯೂ ಈ ಚಹದಂಗಡಿಯ ಚಿಂತೆಯೂ ಒಂದೇ ಮನವಿಯಲ್ಲಿ ಹೇಗೆ ಹಿಡಿಸುತ್ತವೆ? ಚಿಕ್ಕವರನ್ನು ಮುಂದೆ ನಿಲ್ಲಿಸಿ ದೊಡ್ಡವರು ಫಲ ಉಣ್ಣುವುದು ಎಲ್ಲ ವರ್ತಕ ಸಂಘಗಳ ಹಳೆಯ ಕಸುಬು.

ಕೋಣೆ ಕಾದಿರಿಸುವ ಆನ್‌ಲೈನ್ ಕಂಪೆನಿಗಳ ವಿರುದ್ಧ ಇದೇ ಒಕ್ಕೂಟ ನಡೆಸಿದ ಹೋರಾಟವನ್ನು ನಾವು ಮೆಚ್ಚುತ್ತೇವೆ. 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೊ ಕಂಪೆನಿಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಒಂಟಿ ಹೋಟೆಲಿನವನು ದೈತ್ಯ ಕಂಪೆನಿಯ ಮುಂದೆ ಚೌಕಾಸಿ ಮಾಡಲಾರ, ಆತ ಸಂಘಟಿತನಾಗಬೇಕು ಎಂದು ಧಣಿಗಳು ಅರಿತರು. ಒಂಟಿ ಮಾಣಿ ಧಣಿಯ ಮುಂದೆ ಚೌಕಾಸಿ ಮಾಡಲಾರ ಎಂಬುದೂ ಇದೇ ಸತ್ಯ. ಆತ ಸಂಘ ಕಟ್ಟಿದರೆ ಮಾತ್ರ ಅದು ‘ಹೊರಗಿನವರ ಚಿತಾವಣೆ’!

ಈ ಚಿತಾವಣೆಗೆ ಕನ್ನಡ ನಾಡಿನಲ್ಲಿ ಇತಿಹಾಸವಿದೆ. ಜಾರ್ಜ್ ಫರ್ನಾಂಡಿಸರು 1949ರಲ್ಲಿ ಮುಂಬಯಿಗೆ ಹೋಗುವ ಮೊದಲೇ ಮಂಗಳೂರಿನಲ್ಲಿ ಹೋಟೆಲು ಕಾರ್ಮಿಕರನ್ನೂ ಮೋಟಾರು ಕಾರ್ಮಿಕರನ್ನೂ ಸಂಘಟಿಸಿದ್ದರು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ತಳ್ಳಿದಾಗ, ಎ. ಕೆ. ಗೋಪಾಲನ್ನರ ಮಾರ್ಗದರ್ಶನದಲ್ಲಿ ಆ ನೌಕರರೇ ಸಹಕಾರ ಸಂಘ ಕಟ್ಟಿದರು. ಅಂಥ ಮೊದಲನೆಯ ಸಂಘ ಹುಟ್ಟಿದ್ದು 1957ರ ಆಗಸ್ಟ್ 19ರಂದು ನಮ್ಮ ಬೆಂಗಳೂರಿನಲ್ಲಿ. ಧಣಿ ಇಲ್ಲದಿದ್ದರೂ ಕಾಫಿ ಕಾಯುತ್ತದೆ, ಲೋಟ ತೊಳೆಯುತ್ತದೆ, ಗಲ್ಲಾಪೆಟ್ಟಿಗೆಯ ಲೆಕ್ಕ ಸರಿಹೊಂದುತ್ತದೆ ಎಂಬುದನ್ನು ಅವರು ಅಂದೇ ತೋರಿಸಿಕೊಟ್ಟರು.

1961ರ ರಾಜ್ಯ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. ಬೆಳಗಿನ ಐದಕ್ಕೆ ಒಲೆ ಹೊತ್ತಿಸಿದವನೇ ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಹೋಟೆಲು ನಮ್ಮ ಪೇಟೆಗಳಲ್ಲಿ ಎಷ್ಟಿಲ್ಲ? 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧ 2006ರ ಅಕ್ಟೋಬರ್ 10ರಿಂದಲೇ ಇದೆ. ಇದನ್ನೆಲ್ಲ ನೋಡಬೇಕಾದ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಕಾಫಿ ಕುಡಿಯಲಷ್ಟೇ ಹೋಟೆಲಿಗೆ ಹೋದರೆ ಸಾಲದು; ಹಾಜರಿ ಪುಸ್ತಕವನ್ನೂ ತೆಗೆಸಿ ನೋಡಲಿ.

ಮಾಲೀಕರ ಸಂಘದ ಮುಂದಿನ ನಿಯೋಗ ವಿಧಾನಸೌಧಕ್ಕೆ ಹೋದಾಗ ಮಂತ್ರಿಗಳು ಮೂರು ಕಾಗದ ಕೇಳಲಿ: ಸದಸ್ಯ ಹೋಟೆಲುಗಳಲ್ಲಿ ಎಷ್ಟು ಜನ ದುಡಿಯುತ್ತಾರೆ, ಅವರಲ್ಲಿ ಎಷ್ಟು ಜನರಿಗೆ ರಾಜ್ಯ ವಿಮೆ ಮತ್ತು ಭವಿಷ್ಯನಿಧಿ ಇದೆ, ಎಷ್ಟು ಜನರಿಗೆ ಕನಿಷ್ಠ ಕೂಲಿ ಬ್ಯಾಂಕಿನ ಮೂಲಕ ಸಂದಾಯವಾಗುತ್ತಿದೆ. ಆ ಕಾಗದ ಕೈಗೆ ಬಂದ ಮೇಲೆ ವಿದ್ಯುತ್ ದರದ ಮಾತು ನಡೆಯಲಿ.