ಕಾರ್ಡು ಐತೆ, ಡಾಕ್ಟರ್ ಎಲ್ಲಿ ಸ್ವಾಮಿ?

ಸರ್ಕಾರಿ ಆರೋಗ್ಯ ವಿಮೆ ಯಾರದು ಎಂಬ ಜಗ್ಗಾಟ ದಿಲ್ಲಿಗೂ ಬೆಂಗಳೂರಿಗೂ ವರ್ಷಗಳಿಂದ ನಡೆದಿದೆ. ಯೋಜನೆ ನಮ್ಮದು ಎಂದು ಅವರು, ಹೆಚ್ಚು ದುಡ್ಡು ಹಾಕುವವರು ನಾವು ಎಂದು ಇವರು. ರಾಜ್ಯದ 'ಆರೋಗ್ಯ ಕರ್ನಾಟಕ' 2018ರ ಮಾರ್ಚ್‌ನಲ್ಲಿ ಬಂತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ 'ಆಯುಷ್ಮಾನ್ ಭಾರತ್' ಜೊತೆ ಸೇರಿ ಎರಡೂ ಒಂದೇ ಕಾರ್ಡಾಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನರಿಗೆ ಈ ಜಗಳದಿಂದ ಆಗಬೇಕಾದ್ದೇನೂ ಇಲ್ಲ. ಅವರ ಪ್ರಶ್ನೆ ಒಂದೇ: ಕಾರ್ಡು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲಿ ನೋಡುವವರು ಯಾರು?

ಕಾರ್ಡಿನಿಂದ ಉಪಯೋಗವೇ ಇಲ್ಲ ಎನ್ನುವುದು ಸುಳ್ಳು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಆಸ್ಪತ್ರೆ ಖರ್ಚು ಸರ್ಕಾರದ್ದು. ಹೃದಯದ ಆಪರೇಷನ್‌ಗೆ, ಕ್ಯಾನ್ಸರ್‌ಗೆ ಹೊಲ ಮಾರುವುದು ಎಷ್ಟೋ ಮನೆಗಳಲ್ಲಿ ಇದರಿಂದ ತಪ್ಪಿದೆ.

ಆದರೆ ಅಂಗಡಿಯವರ ಪಾಡೇ ಬೇರೆ. ಎಪಿಎಲ್ ಕಾರ್ಡಿನವರಿಗೆ ಸರ್ಕಾರ ಕೊಡುವುದು ಶೇ. 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಈ ಶೇ. 30 ಕೂಡ ಆಸ್ಪತ್ರೆಯವರು ಬರೆದ ಬಿಲ್ಲಿಗಲ್ಲ, ಸರ್ಕಾರ ಗೊತ್ತು ಮಾಡಿದ ದರಕ್ಕೆ. ಆ ದರ 1 ಲಕ್ಷವಾದರೆ 30 ಸಾವಿರ ಸರ್ಕಾರದ್ದು, 70 ಸಾವಿರ ಗಲ್ಲಾಪೆಟ್ಟಿಗೆಯದ್ದು. ಸಂತೆ ದಿನ ನಾಲ್ಕು ಕಾಸು ಕಂಡು, ಉಳಿದ ದಿನ ನೊಣ ಹೊಡೆಯುವ ಸಣ್ಣ ವ್ಯಾಪಾರಿ ಇದನ್ನು ಎಲ್ಲಿಂದ ತರಬೇಕು? ತಿಂಗಳು ತಿಂಗಳು ನುಂಗುವ ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಯನ್ನು ಮೆಡಿಕಲ್ ಸ್ಟೋರಿನಲ್ಲಿ ಕೊಂಡರೆ ಬಿಪಿಎಲ್ ಕಾರ್ಡಿನಿಂದಲೂ ಒಂದು ಪೈಸೆ ಹುಟ್ಟುವುದಿಲ್ಲ. ಕಾರ್ಡು ನಡೆಯುವುದು ಆಸ್ಪತ್ರೆಗೆ ಸೇರಿದರೆ ಮಾತ್ರ.

ಗಂಟು ಇರುವುದು ಇನ್ನೊಂದು ಕಡೆ. ತುರ್ತು ಚಿಕಿತ್ಸೆ ಬಿಟ್ಟರೆ, ಕಾರ್ಡಿನವರು ನೇರ ಖಾಸಗಿ ಆಸ್ಪತ್ರೆಗೆ ಹೋಗುವಂತಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ. ಯೋಜನೆ ಆರಂಭದ ಪಟ್ಟಿಯಲ್ಲಿದ್ದ 1650 ಚಿಕಿತ್ಸೆಗಳಲ್ಲಿ ಚೀಟಿ ಬೇಡದ ತುರ್ತು ಚಿಕಿತ್ಸೆ 169 ಮಾತ್ರ. ಇನ್ನು 291 ಸಾಮಾನ್ಯ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕೆಂಬ ನಿಯಮ. ನಿಯಮ ಸರಿಯಾಗಿಯೇ ಇದೆ. ಆದರೆ ಸರ್ಜನ್ ಇದ್ದು ಮಂಪರು ಕೊಡುವ ಡಾಕ್ಟರ್ ಇಲ್ಲದಿದ್ದರೆ, ಸ್ಕ್ಯಾನಿಂಗ್ ಮಿಷನ್ ಇದ್ದು ನೋಡುವವರು ಇಲ್ಲದಿದ್ದರೆ, ತಾಲ್ಲೂಕು ಆಸ್ಪತ್ರೆ ಚೀಟಿ ಬರೆದುಕೊಡುವ ಕೌಂಟರ್ ಆಗುತ್ತದೆ, ಅಷ್ಟೇ.

ಆ ಚೀಟಿ ಹಿಡಿದು ಪಾವಗಡದವರು ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಸೇರಲು ಸುಮಾರು 100 ಕಿ.ಮೀ. ಬಸ್ಸಿನಲ್ಲಿ ಕೂರಬೇಕು. ರೋಗಿಯ ಜೊತೆ ಒಬ್ಬರು, ಇಬ್ಬರ ಟಿಕೆಟ್, ಊಟ, ಒಂದು ದಿನದ ಕೂಲಿ. ವಿಮೆಯ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ಹಿಂದೂಪುರ ಹತ್ತಿರ ಎಂದು ಗಡಿ ದಾಟಿ ಕೈಯಿಂದ ದುಡ್ಡು ಕೊಟ್ಟು ಬರುವವರನ್ನು ಬೈದು ಪ್ರಯೋಜನವೇನು?

2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ ಪಳವಳ್ಳಿ ಬಳಿ ಮಗುಚಿ, ವಿದ್ಯಾರ್ಥಿಗಳೂ ಸೇರಿ ಹಲವರು ಸತ್ತದ್ದನ್ನು ಆ ಭಾಗದವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಬೇಕಾದ್ದು ಹತ್ತಿರದಲ್ಲೇ ಆಪರೇಷನ್ ಥಿಯೇಟರ್, ರಕ್ತ, ಡಾಕ್ಟರ್.

ಅದೇ ವರ್ಷ ನವೆಂಬರ್‌ನಲ್ಲಿ ತುಮಕೂರು ಜಿಲ್ಲಾಸ್ಪತ್ರೆಗೆ ಬಂದ ಬಡ ಗರ್ಭಿಣಿಯನ್ನು ತಾಯಿ ಕಾರ್ಡು, ಆಧಾರ್ ಇಲ್ಲವೆಂದು ಹಿಂದಕ್ಕೆ ಕಳಿಸಿದರು ಎಂಬ ದೂರು ರಾಜ್ಯವನ್ನೇ ಕಲಕಿತು. ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಹೋದಳು, ಅವಳಿ ಕೂಸುಗಳೂ ಹೋದವು. ಸಿಬ್ಬಂದಿ ಅಮಾನತಾದರು. ಕಾಗದ ದೊಡ್ಡದಾಗಿ ಮನುಷ್ಯ ಸಣ್ಣವನಾದರೆ ಆಗುವುದು ಇದೇ.

ಹಾಗಾದರೆ ಏನು ಮಾಡಬೇಕು? ಕಾರ್ಡು ರದ್ದು ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಆದರೂ ಯೋಜನೆಯ ಹಣ ಆ ಆಸ್ಪತ್ರೆಗೆ ಬರುತ್ತದೆ. ಮಧುಗಿರಿಯಲ್ಲೇ ಆಪರೇಷನ್ ಆದರೆ ದುಡ್ಡು ಮಧುಗಿರಿ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಾದರೆ ಜನರ ತೆರಿಗೆ ಅವರ ಖಜಾನೆಗೆ. ಡಾಕ್ಟರ್ ನೇಮಿಸದ ಸರ್ಕಾರವೇ ಡಾಕ್ಟರ್ ಇಲ್ಲದ್ದಕ್ಕೆ ದಂಡ ಕಟ್ಟುತ್ತಿದೆ ಎಂದ ಹಾಗಾಯಿತು.

ಆದ್ದರಿಂದ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಯಾವ ತಜ್ಞ ಡಾಕ್ಟರ್ ಯಾವ ದಿನ ಇರುತ್ತಾರೆ, ಯಾವ ಜಾಗ ಖಾಲಿ ಎಂದು ಬಾಗಿಲಲ್ಲೇ ಬೋರ್ಡ್ ಬರೆದು ಹಾಕಲಿ. ಎಷ್ಟು ಜನರನ್ನು ರೆಫರ್ ಮಾಡಿದರು, ಯಾಕೆ ಮಾಡಿದರು ಎಂಬ ಲೆಕ್ಕ ತಿಂಗಳಿಗೊಮ್ಮೆ ಹೊರಬರಲಿ. ಎಪಿಎಲ್‌ನ ಶೇ. 30 ಏರಲಿ. ವೈದ್ಯ ವಿದ್ಯಾರ್ಥಿಗಳ ಕಡ್ಡಾಯ ಸೇವೆಗೆಂದು 2012ರಲ್ಲಿ ಮಾಡಿದ ಕಾನೂನಿದೆ. ಆ ಹುಡುಗರನ್ನು ಹಾಕುವಾಗ ಪಾವಗಡದ ಹೆಸರು ಮೊದಲು ಬರಲಿ.

ಓಟು ಕೇಳಲು ನಾಲ್ಕೂ ತಾಲ್ಲೂಕು ಸುತ್ತುವ ನಾಯಕರು ಒಮ್ಮೆ ಬೆಳಿಗ್ಗೆ ಹತ್ತು ಗಂಟೆಗೆ, ಹೇಳದೆ ಕೇಳದೆ, ಈ ಆಸ್ಪತ್ರೆಗಳ ಚೀಟಿ ಸಾಲಿನಲ್ಲಿ ನಿಂತು ನೋಡಲಿ. ಕಾರ್ಡು ಜೇಬಿನಲ್ಲಿದ್ದ ಮಾತ್ರಕ್ಕೆ ಜ್ವರ ಬಿಡುತ್ತದೆಯೇ?