ಹಾವು ಕಚ್ಚಿದ ಮೇಲಿನ ಮೊದಲ ಗಂಟೆ

ಕೊಳ್ಳೇಗಾಲದ ಹೆಸರೆತ್ತಿದರೆ ಮಾಟಮಂತ್ರದ ಮಾತಾಡಿ ನಗುವ ಚಟ ಕನ್ನಡಿಗರಿಗೆ ಇನ್ನೂ ಬಿಟ್ಟಿಲ್ಲ. ಪಕ್ಕದ ಹನೂರಿನ ಕಾಡಂಚಿನಲ್ಲಿ ಯಾರಾದರೂ ಹಾವು ಕಚ್ಚಿ ಸತ್ತರೆ ಆ ನಗೆಯೇ ತೀರ್ಪಾಗಿಬಿಡುತ್ತದೆ: ಮಂತ್ರ ಹಾಕಿಸಲು ಹೋದರು, ಹೊತ್ತು ಕಳೆದರು, ಸತ್ತರು. ಇದು ಅರ್ಧ ನಿಜ. ಉಳಿದರ್ಧವನ್ನು ಯಾರೂ ಕೇಳುವುದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂಬುದು ಸಂಶೋಧಕರ ಅಂದಾಜು. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು, ನೆಲದ ಮೇಲೆ ಮಲಗುವವರು. ಕಟ್ಟುಹಾವು ರಾತ್ರಿ ನಿದ್ದೆಯಲ್ಲಿದ್ದವರನ್ನು ಕಚ್ಚಿದರೆ ಸಾಮಾನ್ಯವಾಗಿ ನೋವೂ ಇಲ್ಲ, ಊತವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಬರುತ್ತದೆ, ರೆಪ್ಪೆ ಜೋತುಬೀಳುತ್ತದೆ. ಇದನ್ನು ವಿಷವೆಂದು ಗುರುತಿಸುವುದು ಮೌಢ್ಯ ಬಿಟ್ಟ ಮಾತ್ರಕ್ಕೆ ಬರುವ ವಿದ್ಯೆಯಲ್ಲ, ಯಾರಾದರೂ ಹೇಳಿಕೊಟ್ಟಿರಬೇಕು.

ಆರೋಗ್ಯ ಸಾಕ್ಷರತೆ ಅನ್ನುವುದು ಇದನ್ನೇ. ನಮ್ಮಲ್ಲಿ ಅದು ಗೋಡೆಗೆ ಅಂಟಿಸುವ ಭಿತ್ತಿಪತ್ರವಾಗಿ ಉಳಿದಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಈ ಊರುಗಳಿರುವ ಚಾಮರಾಜನಗರ ಜಿಲ್ಲೆಯದು ಶೇ 61ರ ಆಸುಪಾಸಿನಲ್ಲಿತ್ತು. ಅಲ್ಲಿನ ಸೋಲಿಗ ಬುಡಕಟ್ಟಿನವರ ಹಾಡಿಯಲ್ಲಿ, ಅಂದರೆ ಪೋಡಿನಲ್ಲಿ, ಸರ್ಕಾರಿ ಕನ್ನಡದ 'ಸರ್ಪದಂಶ ನಿರ್ವಹಣೆ' ಯಾರನ್ನು ಮುಟ್ಟೀತು? 'ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕಾಲು ಅಲುಗಿಸದಂತೆ ಹೊತ್ತುಕೊಂಡು ಬನ್ನಿ' ಎಂಬಷ್ಟನ್ನು ಆಶಾ ಕಾರ್ಯಕರ್ತೆ ಸೋಲಿಗ ನುಡಿಯಲ್ಲೇ ಹೇಳಿದರೆ ಸಾಕು. ಇನ್ನೊಂದು ವಿಚಿತ್ರವಿದೆ. ಹಾವಿನ ವಿಷಕ್ಕೆ ಮದ್ದಾದ ಆಂಟಿವೆನಮ್ ತಯಾರಿಕೆಗೆ ಬೇಕಾದ ವಿಷದ ಬಹುಪಾಲನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿರುವುದು ಪಕ್ಕದ ತಮಿಳುನಾಡಿನ ಇರುಳ ಬುಡಕಟ್ಟಿನವರು, 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದ ಮೂಲಕ. ಔಷಧಿಯ ಮೂಲದಲ್ಲಿ ಕಾಡಿನವರ ಕೈಚಳಕವಿದೆ. ಔಷಧಿಯ ತಿಳಿವಳಿಕೆ ಮಾತ್ರ ಕಾಡಿಗೆ ಮರಳುವುದಿಲ್ಲ.

ರಸ್ತೆಯೇ ಇಲ್ಲದ ಕಡೆ ತಿಳಿವಳಿಕೆಯಿಂದ ಏನಾದೀತು ಎಂಬ ಆಕ್ಷೇಪ ಬಲವಾದದ್ದು. ಮೂಲಸೌಕರ್ಯಕ್ಕಾಗಿ ಮತದಾನ ಬಹಿಷ್ಕರಿಸಿದ್ದ ಇದೇ ಹನೂರು ಸೀಮೆಯ ಇಂಡಿಗನತ್ತದಲ್ಲಿ 2024ರ ಲೋಕಸಭಾ ಚುನಾವಣೆಯ ದಿನ ಮತಯಂತ್ರವೇ ಒಡೆದು ಮರುಮತದಾನ ನಡೆಯಿತು. ಯಂತ್ರ ಒಡೆದದ್ದು ತಪ್ಪು, ಸಿಟ್ಟು ಸುಳ್ಳಲ್ಲ. ಅಂಥ ಊರಿಗೆ ಬರಿಯ ಉಪದೇಶ ಕಳಿಸುವುದು ಅವಮಾನವೇ ಸರಿ. ಆದರೆ ರಸ್ತೆ, ತಿಳಿವಳಿಕೆ ಎರಡನ್ನೂ ಒಂದಕ್ಕೊಂದು ಎದುರು ನಿಲ್ಲಿಸಬೇಕಿಲ್ಲ. ದಾರಿ ದೂರವಿದ್ದಷ್ಟೂ ಮನೆಯಲ್ಲಿ ಕಳೆಯುವ ಮೊದಲ ಗಂಟೆಯ ಬೆಲೆ ಹೆಚ್ಚು. ನಾಟಿ ವೈದ್ಯನನ್ನು ಹಳಿಯುವ ಬದಲು ಅವನನ್ನೂ ಕರೆದು ಕೂರಿಸಿ, ಆಸ್ಪತ್ರೆಗೆ ಕಳಿಸುವ ಮೊದಲ ಕೊಂಡಿಯಾಗಿ ಮಾಡಿಕೊಳ್ಳಬಹುದು. ಊರು ನಂಬುವುದು ಅವನನ್ನು.

ಅಜ್ಞಾನ ರೋಗಿಯ ಸೊತ್ತೇನಲ್ಲ ಎಂಬುದನ್ನೂ ಒಪ್ಪಬೇಕು. ಆಂಟಿವೆನಮ್ ಇದ್ದರೂ ಅಲರ್ಜಿಯ ಹೆದರಿಕೆಯಿಂದ ಮೊದಲ ಡೋಸ್ ಕೊಡದೆ ದೊಡ್ಡಾಸ್ಪತ್ರೆಗೆ ಬರೆದುಕೊಡುವ ರೂಢಿ ದೇಶದ ಹಲವೆಡೆ ಇದೆ. ವೈದ್ಯರಿಗೂ ಈ ಸಾಕ್ಷರತೆ ಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯದೇ, ಆದರೆ ಆ ಲೆಕ್ಕ ಮೇಲಕ್ಕೆ ಹೋಗುತ್ತದೆ, ಊರಿಗೆ ಇಳಿಯುವುದಿಲ್ಲ. ಆರಂಭದಲ್ಲೇ 8ರಿಂದ 10 ಬಾಟಲಿ ಬೇಕಾಗುವ ಔಷಧಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವತ್ತು ಎಷ್ಟಿದೆ ಎಂದು ಕೇಳುವ ಧೈರ್ಯ ಜನರಿಗೆ ಬಂದರೆ ಅದೂ ಆರೋಗ್ಯ ಸಾಕ್ಷರತೆಯೇ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಎಷ್ಟಿದೆಯೆಂದು ಹಲಗೆಯ ಮೇಲೆ ಬರೆಯುತ್ತಾರೆ. ಆರೋಗ್ಯ ಕೇಂದ್ರದ ಬಾಗಿಲಲ್ಲೂ ಅಂಥದ್ದೊಂದು ಹಲಗೆ ತೂಗುಹಾಕಿ ಬರೆಯಲು ಒಂದು ಸೀಮೆಸುಣ್ಣ ಸಾಕು.